ಫುಟ್‌ಬಾಲ್ ಶೂ: ಮೊದಲು ಅಟ್ಟೆ, ಆಮೇಲೆ ಬಣ್ಣ

ಫುಟ್‌ಬಾಲ್ ಶೂ ಕೈಗೆತ್ತಿಕೊಂಡವರು ಮೊದಲು ನೋಡುವುದು ಬಣ್ಣ, ಆಮೇಲೆ ಬ್ರ್ಯಾಂಡು. ಬೋರಲು ಹಿಡಿದು ಅಟ್ಟೆ ನೋಡುವವರು ಕಡಿಮೆ. 1954ರ ವಿಶ್ವಕಪ್ ಫೈನಲ್ ದಿನ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಮಳೆ. ಪಶ್ಚಿಮ ಜರ್ಮನಿ ಆಟಗಾರರ ಶೂಗಳಲ್ಲಿ ಬಿಚ್ಚಿ ಹಾಕುವ ಸ್ಟಡ್‌ಗಳು, ಅಂದರೆ ಅಟ್ಟೆಯಡಿ ನೆಲ ಕಚ್ಚುವ ಮೊನೆಗಳು, ಇದ್ದವು. ಕೆಸರಿಗೆ ಹೊಂದುವ ಉದ್ದನೆಯವನ್ನು ತಿರುಗಿಸಿ ಕೂರಿಸಿಕೊಂಡು ಆಡಿದರು, ಹಂಗೇರಿಯನ್ನು 3–2ರಿಂದ ಮಣಿಸಿದರು. ಗೆಲುವೆಲ್ಲ ಶೂವಿನದೇ ಎನ್ನಲಾಗದು, ಆದರೆ ಅಂದು ಕಾಲು ಜಾರಲಿಲ್ಲ ಎನ್ನುವುದೂ ಸಣ್ಣ ಮಾತಲ್ಲ.

ಮೊದಲ ಹೆಜ್ಜೆ, ನೀವು ಹೆಚ್ಚು ಆಡುವ ನೆಲವನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು. ಬೆರಳು ಸಲೀಸಾಗಿ ಇಳಿದು ನೀರು ಜಿನುಗಿದರೆ ಎಸ್‌ಜಿ (ಸಾಫ್ಟ್ ಗ್ರೌಂಡ್, ಮೆತ್ತನೆ ನೆಲದ ಶೂ): ಉದ್ದನೆಯ ಸ್ಟಡ್‌ಗಳು, ಸಾಮಾನ್ಯವಾಗಿ ಆರು, ಹಲವು ಸಲ ಲೋಹದ ತುದಿಯವು. ಹುಲ್ಲಿದ್ದು ಮಣ್ಣು ತುಸು ತಗ್ಗಿದರೆ ಎಫ್‌ಜಿ (ಫರ್ಮ್ ಗ್ರೌಂಡ್). ಬೆರಳೇ ಇಳಿಯದ ಗಟ್ಟಿ ನೆಲದಲ್ಲಿ ಎಫ್‌ಜಿಯ ಸ್ಟಡ್ ಕೂಡ ಇಳಿಯದು. ಮೈಭಾರವೆಲ್ಲ ನಾಲ್ಕಾರು ಮೊನೆಗಳ ಮೇಲೆ ಬಿದ್ದು ಪಾದ ಉರಿಯತೊಡಗುತ್ತದೆ. ಅಂಥಲ್ಲಿ ಅಟ್ಟೆ ತುಂಬ ಪುಟ್ಟ ರಬ್ಬರ್ ಗುಬುಟುಗಳಿರುವ ಟಿಎಫ್ (ಟರ್ಫ್) ಶೂ ಒಳ್ಳೆಯದು. ನೋಡಲು ಅಷ್ಟು ಗತ್ತಿಲ್ಲ, ನಿಜ.

ಹೆಚ್ಚಿನವರು ಎಡವುವುದು ಕೃತಕ ಹುಲ್ಲಿನಲ್ಲಿ. ನಾನೂ ಎಡವಿದವನೇ. ಎಫ್‌ಜಿ ಹಾಕಿಕೊಂಡೇ ಟರ್ಫ್‌ಗೆ ಇಳಿದಿದ್ದೆ. ಚೆಂಡಿನತ್ತ ಗಕ್ಕನೆ ತಿರುಗಿದಾಗ ಮೈ ತಿರುಗಿತು, ಪಾದ ಇದ್ದಲ್ಲೇ ಇತ್ತು. ನಡುವೆ ಸಿಕ್ಕಿಕೊಂಡದ್ದು ಮಂಡಿ. ಮಣ್ಣಾದರೆ ಕಿತ್ತು ಬಂದು ಕಾಲನ್ನು ಬಿಟ್ಟುಕೊಡುತ್ತದೆ, ಪ್ಲಾಸ್ಟಿಕ್ ಎಳೆಗಳು ಹಾಗೆ ಬಿಡುವುದಿಲ್ಲ. ಅದಕ್ಕೇ ಕೃತಕ ಹುಲ್ಲಿನ ಎಜಿ (ಆರ್ಟಿಫಿಶಿಯಲ್ ಗ್ರೌಂಡ್) ಶೂಗಳಲ್ಲಿ ಗಿಡ್ಡನೆಯ ಸ್ಟಡ್‌ಗಳು ಹೆಚ್ಚು ಸಂಖ್ಯೆಯಲ್ಲಿರುತ್ತವೆ. ದುಂಡನೆಯ ಸ್ಟಡ್ ಆರಿಸಿ. ಬ್ಲೇಡಿನಂಥ ಚಪ್ಪಟೆಯದು ನೇರ ಓಟಕ್ಕೆ ಚೆನ್ನ, ತಿರುಗುವಾಗ ಕಚ್ಚಿಕೊಳ್ಳುತ್ತದೆ. ಎಳೆ ಗಿಡ್ಡಗಿರುವ ಹಳೆಯ ಟರ್ಫ್‌ಗೆ ಮತ್ತೆ ಟಿಎಫ್ಫೇ ಸರಿ.

ಒಳಾಂಗಣಕ್ಕೆ ಐಸಿ (ಇಂಡೋರ್ ಕೋರ್ಟ್), ಸ್ಟಡ್ಡೇ ಇಲ್ಲದ ಚಪ್ಪಟೆ ರಬ್ಬರ್ ಅಟ್ಟೆ. ನೆಲದಲ್ಲಿ ಗೀರು ಉಳಿಸದ್ದೇ ಎಂದು ವಿಚಾರಿಸಿ.

ಇನ್ನು ಅಳತೆ. ಸಂಜೆ ಹೊತ್ತು ಪಾದ ಒಂಚೂರು ಊದಿರುತ್ತದೆ, ಆಗಲೇ ಹಾಕಿ ನೋಡಿ, ಆಡುವಾಗ ಹಾಕುವ ಸಾಕ್ಸ್‌ನೊಂದಿಗೇ. ಬೆರಳ ತುದಿಯಾಚೆ ಹೆಬ್ಬೆರಳಿನ ಅರ್ಧ ಅಗಲದಷ್ಟು ಜಾಗ ಸಾಕು. ಹಿಮ್ಮಡಿ ಮೇಲೇಳಕೂಡದು. ಚರ್ಮದ್ದು ಆಡುತ್ತಾ ಹಿಗ್ಗುತ್ತದೆ. ಸಿಂಥೆಟಿಕ್ ಅಷ್ಟಾಗಿ ಹಿಗ್ಗದು, ಆದ್ದರಿಂದ 'ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ' ಎಂಬ ಮಾರಾಟಗಾರರ ಮಾತಿಗೆ ಅಲ್ಲಿ ಮರುಳಾಗಬೇಡಿ.

ನೆನೆದ ಶೂವನ್ನು ಬಿಸಿಲಿಗಿಡಬೇಡಿ, ಅಂಟು ಬಿಡುತ್ತದೆ. ಹಳೆಯ ಪತ್ರಿಕೆ ಮುದ್ದೆ ಮಾಡಿ ಒಳಗೆ ತುರುಕಿ, ನೆರಳಿನಲ್ಲಿ ಇಡಿ. ಈ ಪುಟವೂ ಆದೀತು.