ಈಮ್ಯಾಕ್ಸಿನಲ್ಲಿ ಕನ್ನಡ ತಿದ್ದುವಾಗ ಕರ್ಸರಿನ ಜತೆ ನನ್ನ ಜಗ್ಗಾಟ

ಉದ್ದುದ್ದ ಕನ್ನಡ ಕಡತಗಳನ್ನು ಈಮ್ಯಾಕ್ಸ್ ಎಂಬ ಪಠ್ಯ ತಿದ್ದುವ ತಂತ್ರಾಂಶದಲ್ಲಿ ತೆರೆದಿಟ್ಟುಕೊಂಡು, ಕೆಳಬಾಣದ ಕೀ ಒತ್ತುತ್ತ ಸಾಲು ಸಾಲಾಗಿ ಓದಿ ತಿದ್ದುವುದು ನನ್ನ ರೂಢಿ. ಪರದೆಯ ಕೊನೆಯ ಸಾಲು ದಾಟಿದೆನೋ, ಇಡೀ ಪಠ್ಯ ಅರ್ಧ ಪರದೆಯಷ್ಟು ಮೇಲಕ್ಕೆ ಹಾರಿ ಕರ್ಸರ್ ನಟ್ಟನಡುವೆ ಬಂದು ಕೂರುತ್ತಿತ್ತು. ಕಣ್ಣು ಮಾತ್ರ ಇನ್ನೂ ಕೆಳಗೇ. ಓದುತ್ತಿದ್ದ ಜಾಗ ಹುಡುಕಿ ಹಿಡಿಯುವಷ್ಟರಲ್ಲಿ ವಾಕ್ಯದ ಕರ್ತೃವೇ ಮರೆತುಹೋಗಿರುತ್ತಿತ್ತು. ಕ್ರಿಯಾಪದಕ್ಕಾಗಿ ಕೊನೆಯವರೆಗೂ ಕಾಯಬೇಕಾದ ನಮ್ಮ ಭಾಷೆಯಲ್ಲಿ ಇದು ಸಣ್ಣ ಕಾಟವಲ್ಲ.

ಮದ್ದು ಸಿಕ್ಕಿದ್ದು ಸ್ಕ್ರಾಲ್-ಕನ್ಸರ್ವೇಟಿವ್ಲಿ ಎಂಬ ಸೆಟ್ಟಿಂಗಿನಲ್ಲಿ. ಅದು ಮೊದಲಿಗೆ 0 ಇರುತ್ತದೆ, ನಾನು 101 ಮಾಡಿದೆ. 100ಕ್ಕಿಂತ ಹೆಚ್ಚಿದ್ದರೆ ಕರ್ಸರನ್ನು ನಡುವಿಗೆ ಎಳೆಯುವ ಗೋಜಿಗೇ ಈಮ್ಯಾಕ್ಸ್ ಹೋಗುವುದಿಲ್ಲ, ಬೇಕಾದಷ್ಟೇ ಸರಿಯುತ್ತದೆ. ಆದರೆ ಕರ್ಸರ್ ತಳಕ್ಕೇ ಅಂಟಿಕೊಂಡರೆ ಮುಂದಿನ ಸಾಲು ಕಾಣುವುದಿಲ್ಲವಲ್ಲ! ಅದಕ್ಕೆ ಸ್ಕ್ರಾಲ್-ಮಾರ್ಜಿನ್ 5 ಕೊಟ್ಟೆ. ಮೇಲೆ ಕೆಳಗೆ ಐದೈದು ಸಾಲು ಸದಾ ಕಾಣುತ್ತವೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ದುರಾಸೆ ಹುಟ್ಟಿತು. ಟೈಪ್‌ರೈಟರಿನಲ್ಲಿ ಹಾಳೆ ಸರಿದು ಅಚ್ಚೊತ್ತುವ ಜಾಗ ಕದಲದಿರುವಂತೆ ಕರ್ಸರ್ ಯಾವಾಗಲೂ ನಡುವೆಯೇ ಇದ್ದರೆ? ಮಾರ್ಜಿನ್ 99 ಮಾಡಿದೆ. ಊಹೂಂ, ಅಂಚಿನಿಂದ ಕಾಲು ಪರದೆಯಷ್ಟು ಬಂದು ನಿಂತುಬಿಟ್ಟಿತು. ಒಂದಿಡೀ ಸಂಜೆ ತಲೆ ಕೆಡಿಸಿಕೊಂಡ ಮೇಲೆ ತಿಳಿದದ್ದು: ಮ್ಯಾಕ್ಸಿಮಮ್-ಸ್ಕ್ರಾಲ್-ಮಾರ್ಜಿನ್ ಎಂಬ ಇನ್ನೊಂದು ಕಡಿವಾಣವಿದೆ, ಅದು ಮೊದಲಿಗೆ 0.25, ಅಂದರೆ ಕಾಲು ಪರದೆ. ಅದನ್ನು 0.5 ಮಾಡಿದ ಮೇಲೆ ಕರ್ಸರ್ ನಡುವಿಗೆ ಬಂತು. ಎರಡೇ ದಿನ. ಮೌಸಿನಿಂದ ಅಂಚಿನ ಹತ್ತಿರ ಕ್ಲಿಕ್ ಮಾಡಿದರೆ ಸಾಕು, ಪಠ್ಯವೆಲ್ಲ ಕೈಯಿಂದ ಜಾರಿದಂತೆ ಸರಿಯುತ್ತಿತ್ತು. ತೆಪ್ಪಗೆ 5ಕ್ಕೆ ಮರಳಿದೆ.

ಕರ್ಸರ್ ಮಿಣುಕುವುದನ್ನು ಆಫ್ ಮಾಡಿದೆ. ಹೇಗೂ ಹತ್ತು ಸಲ ಮಿಣುಕಿ ತಾನೇ ಸುಮ್ಮನಾಗುತ್ತದೆ, ಆ ಹತ್ತೂ ನನಗೆ ಬೇಡ. ಬದಲಿಗೆ ಎಚ್‌ಎಲ್-ಲೈನ್ ಮೋಡ್ ಹಾಕಿ, ಕರ್ಸರ್ ಇರುವ ಸಾಲಿಗೆ ತಿಳಿ ಬಣ್ಣ ಕೊಟ್ಟೆ.

ನಿಜವಾದ ಜಗ್ಗಾಟ ಒತ್ತಕ್ಷರಗಳದ್ದು. 'ಪ್ರತಿಷ್ಟಾನ' ಅಂತ ಬರೆದಿರುತ್ತಾರೆ, ಅದನ್ನು 'ಪ್ರತಿಷ್ಠಾನ' ಮಾಡಬೇಕು. ತಪ್ಪಿರುವುದು ನಡುವಿನ ಟ ಒಂದೇ. ಆದರೆ 'ಷ್ಟಾ' ನಮ್ಮ ಕಣ್ಣಿಗೆ ಒಂದಕ್ಷರವಾದರೂ ಕಡತದೊಳಗೆ ನಾಲ್ಕು ಸಂಕೇತಗಳು: ಷ, ಒತ್ತು ಕೂಡಿಸುವ ವಿರಾಮ (್), ಟ, ದೀರ್ಘ. ಕರ್ಸರ್ ಈ ನಾಲ್ಕನ್ನೂ ಒಂದೇ ನೆಗೆತಕ್ಕೆ ದಾಟುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಮೊದಲು ದೀರ್ಘ ಹೋಗಿ, ಆಮೇಲೆ ಟ ಹೋಗುತ್ತದೆ. ಮತ್ತೆ ಎರಡನ್ನೂ ಟೈಪಿಸಬೇಕು. ಒಂದು ಸಲಕ್ಕೆ ಇದೇನು ಮಹಾ ಎನ್ನಬಹುದು. ಇಂಥವು ಪುಟ ತುಂಬ ಇದ್ದಾಗ ಬೆರಳೇ ಮುನಿಸಿಕೊಳ್ಳುತ್ತದೆ.

2023ರಲ್ಲಿ ಬಂದ ಈಮ್ಯಾಕ್ಸ್ 29ರಲ್ಲಿ ಕಾಂಪೊಸಿಷನ್-ಬ್ರೇಕ್-ಅಟ್-ಪಾಯಿಂಟ್ ಎಂಬುದೊಂದು ಸೇರಿತು. ಅದನ್ನು ಆನ್ ಮಾಡಿದರೆ ಕರ್ಸರ್ ಹತ್ತಿರ ಬಂದ ಕೂಡಲೇ ಒತ್ತಕ್ಷರ ಬಿಡಿಬಿಡಿಯಾಗಿ ಬಿಚ್ಚಿಕೊಳ್ಳುತ್ತದೆ. ಟ ದಾಟಿ ನಿಂತು, ಒಮ್ಮೆ ಅಳಿಸಿ, ಠ ಹಾಕಿದರೆ ಮುಗಿಯಿತು. ದೀರ್ಘ ಇದ್ದಲ್ಲೇ ಇರುತ್ತದೆ.

ಖುಷಿಯಿಂದ ಅದನ್ನು ಸದಾ ಆನ್ ಇಟ್ಟು ನೋಡಿದೆ. ಕರ್ಸರ್ ಓಡಿದಲ್ಲೆಲ್ಲ ಅಕ್ಷರಗಳು ಬಿಚ್ಚಿಕೊಂಡು, ಮತ್ತೆ ಕೂಡಿಕೊಂಡು, ಸಾಲು ಅತ್ತಿತ್ತ ಕುಣಿಯತೊಡಗಿತು. ಮೊದಲಿನ ಹಾರಾಟವೇ ವಾಸಿ ಅನ್ನಿಸಿತು. ಕೊನೆಗೆ ಎಫ್8 ಕೀಗೆ ಅದನ್ನು ಕಟ್ಟಿಹಾಕಿದ್ದೇನೆ: ಒಮ್ಮೆ ಒತ್ತಿದರೆ ಬಿಡಿ, ಇನ್ನೊಮ್ಮೆ ಒತ್ತಿದರೆ ಕೂಡು. ಓದುವಾಗ ಕೂಡು, ಒತ್ತು ತಿದ್ದುವಾಗ ಬಿಡಿ.