‘ಸೆಕ್ಯುಲರ್’ ಪದವನ್ನು ಎಣಿಸಲು ಹೊರಟಾಗ

ನಮ್ಮ ಸಂಸದೀಯ ಚರ್ಚೆಗಳಲ್ಲಿ ‘ಸೆಕ್ಯುಲರ್’ ಎಂಬ ಪದ ಯಾವ ಕಾಲದಲ್ಲಿ ಎಷ್ಟು ಬಳಕೆಯಾಗಿದೆ ಎಂದು ಎಣಿಸಲು ಹೊರಟಾಗ, ಕಡತಗಳನ್ನು ಇಳಿಸಿಕೊಂಡು ಪದವನ್ನು ಹುಡುಕಿ ವರ್ಷವಾರು ಪಟ್ಟಿ ಮಾಡಿದರೆ ಕೆಲಸ ಮುಗಿಯಿತು ಎಂದು ನಾನು ಭಾವಿಸಿದ್ದೆ. ಎಣಿಕೆಯನ್ನು ಗಣಕಯಂತ್ರ ಕ್ಷಣಮಾತ್ರದಲ್ಲಿ ಮಾಡಿತು. ಆದರೆ ಯಾವುದನ್ನು ಎಣಿಸಬೇಕು ಎಂದು ತೀರ್ಮಾನಿಸುವುದಕ್ಕೇ ತಿಂಗಳುಗಳು ಹಿಡಿದವು.

ಮೊದಲಿಗೆ ಸಂವಿಧಾನ ರಚನಾ ಸಭೆಯ ಚರ್ಚೆಗಳನ್ನು ಕೈಗೆತ್ತಿಕೊಂಡೆ. 1948ರ ನವೆಂಬರ್ 15ರಂದು ಪ್ರೊ. ಕೆ.ಟಿ. ಶಾ ಅವರು ಮೊದಲನೆಯ ಅನುಚ್ಛೇದದಲ್ಲಿ ‘ಸೆಕ್ಯುಲರ್, ಫೆಡರಲ್, ಸೋಷಿಯಲಿಸ್ಟ್’ ಎಂಬ ಪದಗಳನ್ನು ಸೇರಿಸುವಂತೆ ತಿದ್ದುಪಡಿ ಮಂಡಿಸಿದರು. ಸಭೆ ಅದನ್ನು ತಿರಸ್ಕರಿಸಿತು. ಇಂಥ ದಿನಗಳ ಪುಟಗಳನ್ನು ಓದುವಾಗಲೇ ಮೊದಲ ತೊಡಕು ಎದುರಾಯಿತು. ತಿದ್ದುಪಡಿಯ ಪಠ್ಯವನ್ನು ಮಂಡಿಸುವವರು ಓದುತ್ತಾರೆ, ಮತಕ್ಕೆ ಹಾಕುವಾಗ ಪೀಠದಲ್ಲಿರುವವರೂ ಓದುತ್ತಾರೆ; ಇವೆರಡೂ ಕಾರ್ಯವಿಧಾನದ ಓದು, ವಾದವಲ್ಲ. ಅಂದು ಡಾ. ಅಂಬೇಡ್ಕರ್ ಅವರು ನೀಡಿದ ಉತ್ತರವಂತೂ ಮುಖ್ಯವಾಗಿ ಸಮಾಜವಾದವನ್ನು ಕುರಿತದ್ದು. ಹೀಗಾಗಿ ಪಠ್ಯ ಓದಿದ ಸಾಲುಗಳನ್ನೂ ಸದಸ್ಯರು ತಾವೇ ಆಡಿದ ಮಾತುಗಳನ್ನೂ ಬೇರೆಬೇರೆ ಗುರುತು ಹಾಕಿ ವಿಂಗಡಿಸಬೇಕಾಯಿತು.

ಅರ್ಥದ ಸಮಸ್ಯೆ ಇದಕ್ಕಿಂತ ಜಟಿಲವಾಗಿತ್ತು. ಪ್ರಸ್ತಾವನೆಗೆ ಈ ಪದ ಸೇರಿದ್ದು 1976ರ 42ನೆಯ ತಿದ್ದುಪಡಿಯಿಂದ ಎಂಬುದು ಎಲ್ಲರಿಗೂ ಗೊತ್ತು; ಆದರೆ 25ನೆಯ ಅನುಚ್ಛೇದದಲ್ಲಿ ಅದು ಮೊದಲಿನಿಂದಲೂ ಇದೆ. ಅಲ್ಲಿ ಧಾರ್ಮಿಕ ಆಚರಣೆಗೆ ಅಂಟಿಕೊಂಡ ಆರ್ಥಿಕ, ರಾಜಕೀಯ ಮುಂತಾದ ಚಟುವಟಿಕೆಗಳನ್ನು ಸೂಚಿಸುವ ಈ ಪದಕ್ಕೆ ‘ಲೌಕಿಕ’ ಎಂಬ ಅರ್ಥವೇ ಹೊಂದುತ್ತದೆ. ಅರ್ಥಶಾಸ್ತ್ರದ ಮಾತಿನಲ್ಲಿ ಅದೇ ಪದ ದೀರ್ಘಕಾಲೀನ ಪ್ರವೃತ್ತಿಯನ್ನು ಹೇಳುತ್ತದೆ. ಇನ್ನು 1999ರಿಂದೀಚಿನ ಲೋಕಸಭೆಯ ಕಡತಗಳಲ್ಲಿ ಸಂಖ್ಯೆ ಏರಿದ್ದನ್ನು ಕಂಡು ನಾನು ಸಂಭ್ರಮಪಟ್ಟೆ. ಪರಿಶೀಲಿಸಿದಾಗ ಅದರಲ್ಲಿ ಜನತಾದಳ (ಸೆಕ್ಯುಲರ್) ಎಂಬ ಪಕ್ಷದ ಹೆಸರೂ ಸೇರಿಕೊಂಡಿತ್ತು. ಕನ್ನಡಿಗನಾಗಿ ಇದನ್ನು ಮೊದಲೇ ಊಹಿಸದಿದ್ದುದಕ್ಕೆ ನಾಚಿಕೆಯಾಯಿತು.

ನನ್ನ ಎಣಿಕೆಯ ಬುಡವನ್ನೇ ಅಲುಗಾಡಿಸಿದ್ದು ಮಾತ್ರ ಭಾಷೆ. ಹಿಂದಿಯಲ್ಲಿ ಮಾತನಾಡುವ ಸದಸ್ಯರು ‘ಧರ್ಮನಿರಪೇಕ್ಷ’ ಎನ್ನುತ್ತಾರೆ, ಪ್ರಸ್ತಾವನೆಯ ಹಿಂದಿ ಪಾಠದಲ್ಲಿರುವುದು ‘ಪಂಥನಿರಪೇಕ್ಷ’, ಮತ್ತೆ ಕೆಲವರು ಇಂಗ್ಲಿಷ್ ಪದವನ್ನೇ ದೇವನಾಗರಿಯಲ್ಲಿ ದಾಖಲಾಗುವಂತೆ ನುಡಿಯುತ್ತಾರೆ. ಇಂಗ್ಲಿಷ್ ರೂಪವೊಂದನ್ನೇ ಹುಡುಕಿದರೆ, ಸದನದಲ್ಲಿ ಹಿಂದಿಯ ಪ್ರಮಾಣ ಹೆಚ್ಚಿದಂತೆಲ್ಲ ಆ ವಿಚಾರದ ಪ್ರಸ್ತಾಪವೇ ಕುಗ್ಗಿತೆಂಬ ತಪ್ಪು ತೀರ್ಮಾನಕ್ಕೆ ಬರುವ ಅಪಾಯವಿದೆ. ಕನ್ನಡದಂಥ ಭಾಷೆಗಳಲ್ಲಿ ಮಾಡಿದ ಭಾಷಣಗಳು ಅಡಿಟಿಪ್ಪಣಿಯೊಂದಿಗೆ ಅನುವಾದವಾಗಿ ಅಚ್ಚಾಗುತ್ತವೆ. ಸದಸ್ಯರು ‘ಜಾತ್ಯತೀತ’ ಎಂದರೋ ‘ಧರ್ಮನಿರಪೇಕ್ಷ’ ಎಂದರೋ ಆ ಪುಟದಿಂದ ತಿಳಿಯದು. ಅಲ್ಲಿ ಎಣಿಕೆಗೆ ಸಿಗುವುದು ಭಾಷಣಕಾರರ ಪದವಲ್ಲ, ಅನುವಾದಕರ ಪದ. ಅಂಥ ಭಾಷಣಗಳನ್ನು ನಾನು ಪ್ರತ್ಯೇಕ ಪಟ್ಟಿಗೆ ಸರಿಸಿದೆ.

ಹಳೆಯ ಮುದ್ರಣದ ಸ್ಕ್ಯಾನ್ ಪ್ರತಿಗಳಲ್ಲಿ ಸಾಲಿನ ಕೊನೆಗೆ ಅಡ್ಡಗೆರೆಯಿಂದ ತುಂಡಾದ ಪದಗಳನ್ನು ಜೋಡಿಸುವುದು ಬೇಸರದ ಕೆಲಸವೇ ಹೊರತು ಕಷ್ಟದ್ದಲ್ಲ.

ಒಟ್ಟು ಪದಗಳಿಗೆ ಹೋಲಿಸದೆ ಬರಿಯ ಸಂಖ್ಯೆಯನ್ನು ಕೊಡುವುದರಲ್ಲಿ ಅರ್ಥವಿಲ್ಲ. ಉದಾಹರಣೆಗೆ, 20,000 ಪದಗಳ ಚರ್ಚೆಯಲ್ಲಿ 10 ಬಾರಿ ಬಂದರೆ ಲಕ್ಷಕ್ಕೆ 50. 60,000 ಪದಗಳಲ್ಲಿ 15 ಬಾರಿ ಬಂದರೆ ಲಕ್ಷಕ್ಕೆ 25 ಮಾತ್ರ. ಆದರೆ ಆ ಒಟ್ಟು ಮೊತ್ತವೂ ನಂಬಿಕೆಗೆ ಅರ್ಹವಾಗಿರಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಗಳ ಲಿಖಿತ ಉತ್ತರಗಳನ್ನು ಸದನದಲ್ಲಿ ಯಾರೂ ಉಚ್ಚರಿಸುವುದಿಲ್ಲ. ಕೋಷ್ಟಕಗಳಿಂದ ತುಂಬಿದ ಆ ಪುಟಗಳನ್ನು ಸೇರಿಸಿಕೊಂಡರೆ ಎಲ್ಲ ರಾಜಕೀಯ ಪದಗಳ ಪ್ರಮಾಣವೂ ಕೃತಕವಾಗಿ ಇಳಿಯುತ್ತದೆ. ಅವುಗಳನ್ನು ತೆಗೆದುಹಾಕಿ, ಲಕ್ಷ ಪದಗಳಿಗೆ ಎಷ್ಟು ಎಂಬುದರ ಪಕ್ಕದಲ್ಲಿ ಎಷ್ಟು ಮಂದಿ ಸದಸ್ಯರು ಬಳಸಿದರು ಎಂಬುದನ್ನೂ ದಾಖಲಿಸಿದೆ. ಒಬ್ಬರೇ ಒಂದು ಭಾಷಣದಲ್ಲಿ ಹತ್ತಾರು ಬಾರಿ ಹೇಳಿದ್ದಕ್ಕೂ ಹತ್ತಾರು ಮಂದಿ ಒಂದೊಂದು ಬಾರಿ ಹೇಳಿದ್ದಕ್ಕೂ ಇರುವ ವ್ಯತ್ಯಾಸ ಈ ಎರಡನೆಯ ಅಂಕಣದಲ್ಲಷ್ಟೇ ಕಾಣುತ್ತದೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದೂ ಅದೇ.

ಲೋಕಸಭೆಯ 380ನೆಯ ನಿಯಮದಂತೆ ಸಭಾಧ್ಯಕ್ಷರು ಕಡತದಿಂದ ತೆಗೆಸಿದ ಮಾತುಗಳಿರುವ ಕಡೆ ನಕ್ಷತ್ರ ಚಿಹ್ನೆಗಳಷ್ಟೇ ಉಳಿದಿರುತ್ತವೆ. ಆ ಪುಟಗಳ ಸಂಖ್ಯೆಯನ್ನು ಪಟ್ಟಿಯ ಅಂಚಿನಲ್ಲಿ ಬರೆದಿಟ್ಟಿದ್ದೇನೆ.