ಸಮಾವೇಶಕ್ಕೆ ಬಸ್ ಮಾಡ್ಕೊಂಡು ಹೋಗೋದು

ನಮ್ಮೂರು ಪಾಂಡವಪುರ ತಾಲ್ಲೂಕು. ನಾನು ಬೂತ್ ಮಟ್ಟದ ಕಾರ್ಯಕರ್ತ. ರಾಜ್ಯದ ಯಾವ ಮೂಲೆಯಲ್ಲಿ ಪಕ್ಷದ ಸಮಾವೇಶ ನಡೆದರೂ ನಮ್ಮ ಪಂಚಾಯ್ತಿಯಿಂದ ಒಂದು ಬಸ್ ಹೊರಡಬೇಕು. ಅದರ ಉಸ್ತುವಾರಿ ನನ್ನ ತಲೆಗೆ. ಯಾವ ಪಕ್ಷ ಅಂತ ಇಲ್ಲಿ ಹೇಳಲ್ಲ. ಹೇಳಿದರೆ ಅರ್ಧ ಜನ ಇಲ್ಲಿಗೇ ಓದೋದು ನಿಲ್ಲಿಸುತ್ತಾರೆ. ಬಸ್ಸಿನೊಳಗೆ ನಡೆಯೋದಂತೂ ಎಲ್ಲ ಪಕ್ಷದಲ್ಲೂ ಒಂದೇ. ಬೇರೆ ಪಕ್ಷದ ಬಸ್ಸುಗಳ ಉಸ್ತುವಾರಿ ನೋಡೋರು ನಮ್ಮ ಭಾವ, ಷಡ್ಡಕರೇ ಆಗಿರೋದರಿಂದ ಇಷ್ಟು ಗೊತ್ತು.

ಜನ ಸೇರಿಸೋದೇ ದೊಡ್ಡ ಕೆಲಸ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಅದಲ್ಲ. ಹತ್ತಿಸಿಕೊಂಡವರನ್ನೆಲ್ಲ ವಾಪಸ್ ಅವರವರ ಮನೆ ಬಾಗಿಲಿಗೆ ಬಿಡೋದು ದೊಡ್ಡ ಕೆಲಸ. ವೇದಿಕೆ ಮೇಲೆ ಯಾರು ಏನು ಮಾತಾಡಿದರು ಅನ್ನೋದು ಮಾರನೇ ದಿನ ಪೇಪರಿನಲ್ಲಿ ಬರುತ್ತೆ. "ನಮ್ಮವ್ವ ಎಲ್ಲವ್ರೆ?" ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಉತ್ತರ ಹೇಳಬೇಕಾದವನು ನಾನು. ಹಾಗಾಗಿ ನನ್ನ ತಯಾರಿಯೆಲ್ಲ ವಾಪಸ್ ಬರೋದರಿಂದ ಶುರುವಾಗುತ್ತೆ.

ಮೊದಲು ಪಟ್ಟಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟು ನಾಟಿ ಶುರುವಾದ ವಾರ ಸಮಾವೇಶ ಇಟ್ಟರೆ ಯಾರೂ ಬರಲ್ಲ, ಬನ್ನಿ ಅಂತ ಕರೆಯೋದೂ ಸರಿಯಲ್ಲ. ಮಿಕ್ಕ ದಿನಗಳಲ್ಲಿ ಪಟ್ಟಿ ಮಾಡೋಕೆ ನಾನು ಹೋಗೋದು ಸ್ತ್ರೀಶಕ್ತಿ ಸಂಘದ ಅಕ್ಕಂದಿರ ಹತ್ತಿರ. ಗಂಡಸರು "ಬತ್ತೀನಿ ಕಣ್ ಹೋಗ್ಲಾ" ಅಂತಾರೆ, ಬೆಳಗ್ಗೆ ಫೋನ್ ಎತ್ತಲ್ಲ. ಹೆಂಗಸರು ಹಾಗಲ್ಲ. ಬರೋರು ಬರ್ತೀನಿ ಅಂತಾರೆ, ಬರದೋರು "ಹಸ ಈಯೋ ಹಂಗದೆ ಕಣಪ್ಪ" ಅಂತ ಕಾರಣ ಹೇಳುತ್ತಾರೆ. ಐವತ್ತು ಚಿಲ್ಲರೆ ಸೀಟಿನ ಬಸ್ಸಿಗೆ ನಾನು ನಲವತ್ತೈದು ಜನಕ್ಕಿಂತ ಜಾಸ್ತಿ ಬರೆದುಕೊಳ್ಳಲ್ಲ. ಹಿಂದಿನ ಸೀಟು ನೀರಿನ ಕ್ಯಾನಿಗೆ, ಊಟದ ಪಾತ್ರೆಗೆ. ಮೇಲಿನಿಂದ "ಅರವತ್ತು ತುಂಬಿಸಿ" ಅಂತ ಫೋನ್ ಬರುತ್ತೆ. ಹೂಂ ಅಂದು ಸುಮ್ನಾಗುತ್ತೇನೆ.

ದುಡ್ಡಿನ ಮಾತೂ ಹೇಳಿಬಿಡುತ್ತೇನೆ. ದಿನಗೂಲಿ ಲೆಕ್ಕ ಹಾಕಿ ಕೊಡೋ ಬಸ್ಸುಗಳಿವೆ, ಸುಳ್ಳು ಹೇಳಿ ಏನು ಪ್ರಯೋಜನ? ನಾನು ಕೊಡಲ್ಲ. ಒಂದು ಸಲ ಕೊಟ್ಟರೆ ದಾರಿಯುದ್ದಕ್ಕೂ ಪಕ್ಕದ ಊರಿನ ಬಸ್ಸಲ್ಲಿ ಎಷ್ಟು ಕೊಟ್ಟರು ಅನ್ನೋದೇ ಮಾತು. ಊಟ, ಟೀ, ನೀರು, ಮನೆ ತನಕ ಬಿಡೋದು, ಇಷ್ಟು ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೂ ಬರ್ತಾರೆ. ಯಾಕೆ ಅಂದ್ರೆ ಊರು ಬಿಟ್ಟು ಒಂದು ದಿನ ಆಚೆ ಹೋಗಬೇಕು ಅಂತ ಎಲ್ಲರಿಗೂ ಇರುತ್ತೆ, ಅಲ್ವಾ? ನಮ್ಮ ಬಸ್ಸಿನ ಅರ್ಧ ಜನ ಭಾಷಣಕ್ಕೆ ಬರೋರಲ್ಲ, ದಾರಿ ನೋಡೋಕೆ ಬರೋರು.

ಬಸ್ ಅಂದ್ರೆ ನನಗೆ ಕೆಎಸ್‌ಆರ್‌ಟಿಸಿ ಬಸ್ಸೇ ಆಗಬೇಕು. ಸಾಂದರ್ಭಿಕ ಒಪ್ಪಂದ ಅಂತ ಬಾಡಿಗೆಗೆ ಕೊಡ್ತಾರೆ. ಡಿಪೋದಿಂದ ಹೊರಟು ಮತ್ತೆ ಡಿಪೋ ಸೇರೋವರೆಗಿನ ಕಿಲೋಮೀಟರ್ ಲೆಕ್ಕ. ಪ್ರೈವೇಟ್ ಬಸ್ಸಲ್ಲಿ ಸೀಟು ಮೆತ್ತಗಿರುತ್ತೆ, ಹಾಡೂ ಇರುತ್ತೆ. ಆದರೆ ಸರ್ಕಾರಿ ಬಸ್ ಯಾವ ಊರಿನ ಬಸ್‌ಸ್ಟ್ಯಾಂಡ್ ಒಳಗೆ ಬೇಕಾದರೂ ಹೋಗಿ ನಿಲ್ಲುತ್ತೆ. ಅಲ್ಲಿ ಹೆಂಗಸರಿಗೆ ಶೌಚಾಲಯ ಇರುತ್ತೆ. ಇದು ಗಂಡಸರಿಗೆ ಸಣ್ಣ ವಿಷಯ. ನಮ್ಮ ಚಿಕ್ಕಮ್ಮ ದೂರದ ಊರಿಗೆ ಹೊರಟರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯೋದು ಬಿಡುತ್ತಾರೆ. ಎಲ್ಲಿ ಇಳಿಯೋದು ಅನ್ನೋ ಭಯ. ಆಮೇಲೆ ಮೈದಾನದ ಬಿಸಿಲಲ್ಲಿ ತಲೆ ಸುತ್ತಿ ಬೀಳೋರು ಇಂಥವರೇ. ಎಲ್ಲೆಲ್ಲಿ ನಿಲ್ಲಿಸುತ್ತೇವೆ ಅಂತ ಹೊರಡೋ ಮೊದಲೇ ಹೇಳಿದರೆ ನೀರು ಕುಡಿಯುತ್ತಾರೆ. ಅಷ್ಟೇ ಔಷಧಿ.

ಇನ್ನೊಂದು, ಹೋಗಿ ಅದೇ ದಿನ ಬರೋದಾದರೆ ಎರಡನೇ ಡ್ರೈವರ್ ಬೇಕು ಅಂತ ಡಿಪೋದಲ್ಲಿ ಮೊದಲೇ ಕೇಳಿಕೊಳ್ಳಬೇಕು. ಬೆಳಗಿನ ಜಾವ ಐದಕ್ಕೆ ಸ್ಟೇರಿಂಗ್ ಹಿಡಿದವನ ಕೈಲೇ ನಡುರಾತ್ರಿ ತನಕ ಬಸ್ ಓಡಿಸೋದು ತಪ್ಪು.

ದಾವಣಗೆರೆಯ ಸಮಾವೇಶಕ್ಕೆ ಹೋದದ್ದನ್ನು ಹೇಳುತ್ತೇನೆ, ದಾರಿ ವಿಚಾರ ತಿಳಿಯುತ್ತೆ. ಇನ್ನೂರೈವತ್ತು ಕಿಲೋಮೀಟರಿಗೆ ಕಮ್ಮಿಯಿಲ್ಲ. ಕುಣಿಗಲ್ ಮೇಲೆ ತುಮಕೂರಿಗೆ ಹೋಗಿ ದೊಡ್ಡ ಹೆದ್ದಾರಿ ಹಿಡಿಯೋಣ ಅಂದರು ಡ್ರೈವರಣ್ಣ. ನಾನು ಬೇಡ ಅಂದೆ. ನಮ್ಮ ಪಾಂಡವಪುರದ ಮೇಲೇ ಹೋಗುತ್ತಲ್ಲ 150ಎ ಹೆದ್ದಾರಿ, ಅದನ್ನೇ ಹಿಡಿದು ನಾಗಮಂಗಲ, ಬೆಳ್ಳೂರು ಕ್ರಾಸ್, ಮಾಯಸಂದ್ರ, ತುರುವೇಕೆರೆ, ಕೆ.ಬಿ. ಕ್ರಾಸ್, ಚಿಕ್ಕನಾಯಕನಹಳ್ಳಿ, ಹುಳಿಯಾರು ದಾಟಿ ಹಿರಿಯೂರಿಗೆ ಸೇರಿಕೊಂಡೆವು. ಸ್ವಲ್ಪ ತಡ ಆಗುತ್ತೆ. ಆದರೆ ಸ್ವಲ್ಪ ದೂರಕ್ಕೊಂದು ಊರು, ಊರಿಗೊಂದು ಟೀ ಅಂಗಡಿ. ಬಸ್ಸಲ್ಲಿ ಯಾರೋ ವಾಂತಿ ಮಾಡಿಕೊಂಡರೂ ನಿಲ್ಲಿಸೋಕೆ ಜಾಗ ಇರುತ್ತೆ.

ಊಟ ಊರಿಂದಲೇ. ಹುಳಿಯೋಗರೆ. ಮೇಲುಕೋಟೆ ನಮ್ಮ ತಾಲ್ಲೂಕೇ ಆಗಿರೋದರಿಂದ ಗೊಜ್ಜು ಹಾಕೋದು ಯಾರೂ ಹೇಳಿಕೊಡಬೇಕಿಲ್ಲ. ಬೆಳಗ್ಗೆ ಕಲಸಿದ್ದು ರಾತ್ರಿಯಾದರೂ ಹಳಸಲ್ಲ. ಸಮಾವೇಶದಲ್ಲೂ ಊಟ ಕೊಡ್ತಾರೆ, ಪಲಾವು, ಮೊಸರನ್ನ, ಕೆಲವು ಕಡೆ ಮೈಸೂರ್ ಪಾಕೂ ಇರುತ್ತೆ. ಆದರೆ ಕೌಂಟರಿನ ಮುಂದಿನ ನೂಕಾಟದಲ್ಲಿ ವಯಸ್ಸಾದವರ ಕೈಗೆ ತಟ್ಟೆ ಸಿಗೋದು ಅನುಮಾನ. ಅಲ್ಲಿ ಸಿಕ್ಕಿದ್ದು ಲಾಭ ಅಂದ್ಕೊಂಡು, ನಮ್ಮ ಪಾತ್ರೆ ನಾವು ನಂಬಬೇಕು.

ಹುಳಿಯಾರು ಬಿಟ್ಟ ಮೇಲೆ ಬಸ್ಸಲ್ಲಿ ಗಲಾಟೆ ಶುರುವಾಯಿತು. ಮಾರಿಕಣಿವೆ ನೋಡಬೇಕಂತೆ. ಹಿರಿಯೂರಿನ ಹತ್ತಿರ ವೇದಾವತಿ ನದಿಗೆ ಕಟ್ಟಿರೋ ವಾಣಿವಿಲಾಸ ಸಾಗರ ಅದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ಸುದ್ದಿ ಟೀವಿಯಲ್ಲಿ ನೋಡಿದ್ದರು ಎಲ್ಲರೂ. ನಮ್ಮ ಪಕ್ಕದ ಮನೆ ಅಜ್ಜಿ ಎದ್ದು ನಿಂತು, "ನಮ್ ಕನ್ನಂಬಾಡಿಗಿಂತ ದೊಡ್ಡದೇನ್ಲಾ ಅದು?" ಅಂದರು. ನಮ್ಮದು 124.80 ಅಡಿ, ಅವರದು 130 ಅಡಿ ಅಂದೆ. ಅಜ್ಜಿಗೆ ಸಿಟ್ಟೇ ಬಂತು. "ಅಡಿ ಕಟ್ಕೊಂಡು ಏನ್ ಮಾಡೀಯೆ, ನೀರು ಬತ್ತದಾ ವರ್ಸಾ ವರ್ಸಾ?" ಅಂದರು. ಸರಿಯಾದ ಪ್ರಶ್ನೆಯೇ! ವಾಪಸ್ ಬರುವಾಗ ನೋಡೋಣ ಅಂತ ಒಪ್ಪಿಸಿದೆ. ವಾಪಸ್ ಬರುವಾಗ ಕತ್ತಲು, ಎಲ್ಲರೂ ನಿದ್ದೆ. ಇದು ನನಗೆ ಮೊದಲೇ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು ಅಂತ ಕಾಣುತ್ತೆ. ಚಿತ್ರದುರ್ಗದ ಗುಡ್ಡದ ಮೇಲೆ ಸಾಲಾಗಿ ತಿರುಗೋ ಗಾಳಿಯಂತ್ರ ಕಂಡ ಮೇಲೆ ಮಾರಿಕಣಿವೆ ಮರೆತರು. ಕಿಟಕಿಯ ಆ ಕಡೆ ಕೂತವರೆಲ್ಲ ಈ ಕಡೆಗೆ ಬಂದು ಬಿದ್ದರು. ಇಷ್ಟು ದೊಡ್ಡ ಫ್ಯಾನು ಯಾರಿಗೆ ಗಾಳಿ ಬೀಸೋಕೆ ಅಂತ ಒಬ್ಬರು ಕೇಳಿದ್ದಕ್ಕೆ ಬಸ್ಸೆಲ್ಲ ನಗು.

ಮೈದಾನದ ಹತ್ತಿರ ಬಂದ ಮೇಲೆ ನಿಜವಾದ ಕೆಲಸ. ಪಾರ್ಕಿಂಗ್ ಅಂದ್ರೆ ಯಾರದೋ ಖಾಲಿ ಹೊಲ. ಅಲ್ಲಿ ನೂರಾರು ಕೆಂಪು ಬಸ್ಸು, ಎಲ್ಲದರ ಮುಂದೂ ಅದೇ ಬ್ಯಾನರ್, ಅದೇ ಫೋಟೋ, ಅದೇ ಬಾವುಟ. ಹೋಗುವಾಗ ಬೆಳಕಿರುತ್ತೆ, ಬರುವಾಗ ಕತ್ತಲು, ಧೂಳು. ಅದಕ್ಕೆ ನಾನು ಊರಿಂದಲೇ ಸೋಗೆ ಸಮೇತ ಎರಡು ಕಬ್ಬಿನ ಜಲ್ಲೆ ತಂದು ಬಸ್ಸಿನ ಮುಂದೆ ಕಟ್ಟುತ್ತಿದ್ದೆ. ದೂರದಿಂದಲೇ ಕಾಣೋದು. ಆದರೆ ನಾವೆಲ್ಲ ಮಂಡ್ಯದೋರಲ್ಲವಾ, ಆಮೇಲೆ ನೋಡಿದರೆ ಸುತ್ತಮುತ್ತಲ ಊರಿನ ಬಸ್ಸುಗಳಿಗೂ ಕಬ್ಬು ಬಂದುಬಿಟ್ಟಿತು. ಅದರ ಮೇಲೆ ವಾಪಸ್ ಬರೋ ಹೊತ್ತಿಗೆ ಒಂದು ಜಲ್ಲೆಯನ್ನ ಯಾರೋ ಮುರಿದು ತಿಂದಿರುತ್ತಿದ್ದರು. ದಾವಣಗೆರೆಗೆ ಹೋಗುವಾಗ ಕಬ್ಬು ಬಿಟ್ಟು ಒಂದು ಹಳೇ ಮಂಕರಿ ಬುಟ್ಟಿಗೆ ಸುಣ್ಣ ಬಳಿದು ಕಟ್ಟಿದೆ. ಮಂಕರಿ ಯಾರೂ ತಿನ್ನಲ್ಲ, ಬೇರೆ ಯಾರಿಗೂ ಹೊಳೆದೂ ಇಲ್ಲ.

ಇಳಿಯೋ ಮೊದಲು ಬಾಗಿಲಲ್ಲಿ ನಿಂತು ಎಲ್ಲರ ಅಂಗೈ ಮೇಲೆ ಪೆನ್ನಿನಲ್ಲಿ ಬಸ್ ನಂಬರಿನ ಕೊನೆಯ ನಾಲ್ಕು ಅಂಕಿ, ಕೆಳಗೆ ನನ್ನ ಫೋನ್ ನಂಬರ್ ಬರೆಯುತ್ತಿದ್ದೆ. ಚೀಟಿ ಕೊಟ್ಟರೆ ಎಲೆಅಡಿಕೆ ಚೀಲದಲ್ಲಿ ಕಳೆದುಹೋಗುತ್ತೆ. ಅಂಗೈ ಬರಹ ಬೆವರಿಗೆ ಅಳಿಸುತ್ತೆ ಅಂತ ಒಬ್ಬ ಹುಡುಗ ಹೇಳಿದ ಮೇಲೆ ಈಗ ಮುಂಗೈ ಮೇಲೆ ಬರೆಯೋದು. "ಹಸಕ್ಕೆ ನಂಬ್ರ ಹಾಕ್ದಂಗೆ ಹಾಕ್ತೀಯಲ್ಲೋ" ಅಂತ ಬೈತಾರೆ, ಕೈ ಮಾತ್ರ ಚಾಚುತ್ತಾರೆ.

ಫೋನನ್ನೇ ನಂಬಿಕೊಂಡರೆ ಕೆಟ್ಟೆವು. ಲಕ್ಷಗಟ್ಟಲೆ ಜನ ಒಂದೇ ಕಡೆ ಸೇರಿದರೆ ಟವರ್ ಎಷ್ಟಂತ ತಡೆಯುತ್ತೆ? ಸಂಜೆ ಹೊತ್ತಿಗೆ ಕಾಲ್ ಹೋಗೋದೇ ಇಲ್ಲ. ಆದ್ದರಿಂದ ಹತ್ತು ಜನಕ್ಕೊಬ್ಬರು ಮುಖಂಡರು, ಒಂದು ಸಮಯ, ಒಂದು ಗುರುತಿನ ಜಾಗ. ಗುರುತಿನ ಜಾಗ ಸ್ವಾಗತ ಕಮಾನು ಆಗಬಾರದು, ಅಲ್ಲಿ ಎಲ್ಲ ಊರಿನವರೂ ನಿಂತಿರುತ್ತಾರೆ. ನೀರಿನ ಟ್ಯಾಂಕ್, ಹುಣಸೇ ಮರ ಇಂಥದ್ದನ್ನ ಹಿಡಿಯಬೇಕು. ಕೊನೆಯ ಭಾಷಣ ಪೂರ್ತಿ ಕೇಳಬೇಕು ಅನ್ನೋರಿಗೆ ನನ್ನ ಬಸ್ಸಲ್ಲಿ ಜಾಗ ಇಲ್ಲ. ಮುಖ್ಯ ನಾಯಕರು ಮೈಕ್ ಹಿಡಿದು ಹತ್ತು ನಿಮಿಷಕ್ಕೆ ನಾವು ಎದ್ದು ಹೊರಡುತ್ತೇವೆ. ಇದಕ್ಕೆ ಮೇಲಿನವರು ಬೈದಿದ್ದಾರೆ. ಆದರೆ ಭಾಷಣ ಮುಗಿದ ಮೇಲೆ ಎದ್ದವರು ಆ ಹೊಲದಿಂದ ಬಸ್ ಈಚೆ ತೆಗೆಯೋಕೇ ಎರಡು ಗಂಟೆ ಕಾಯುತ್ತಾರೆ.

ಹೆಂಗಸರಿಗೆಲ್ಲ ಆಧಾರ್ ಕಾರ್ಡ್ ತನ್ನಿ ಅಂತ ಹೇಳುತ್ತೇನೆ. ಒಪ್ಪಂದದ ಬಸ್ಸಿಗೆ ಅದು ಬೇಕಿಲ್ಲ. ಆದರೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ. ಯಾರಾದರೂ ತಪ್ಪಿಸಿಕೊಂಡರೆ ಬಸ್‌ಸ್ಟ್ಯಾಂಡಿಗೆ ಹೋಗಿ ಸಾಮಾನ್ಯ ಬಸ್ ಹತ್ತಿ, ಕಾರ್ಡ್ ತೋರಿಸಿ ದುಡ್ಡಿಲ್ಲದೆ ಊರು ಸೇರಬಹುದು. ಗಂಡಸರು ತಪ್ಪಿಸಿಕೊಂಡರೆ ಅವರ ಹಣೆಬರಹ.

ದೂರದ ಊರಿಗಿಂತ ನನಗೆ ಭಯ ಮೈಸೂರಿನ ಸಮಾವೇಶ. ತೀರಾ ಹತ್ತಿರ. ಮಹಾರಾಜ ಕಾಲೇಜು ಮೈದಾನದ ಹತ್ತಿರ ಇಳಿಸಿದರೆ ಒಬ್ಬರು ದೇವರಾಜ ಮಾರ್ಕೆಟ್ಟಿಗೆ, ಇನ್ನೊಬ್ಬರು ಮಗಳ ಮನೆಗೆ, ಮತ್ತೊಬ್ಬರು ಚಾಮುಂಡಿ ಬೆಟ್ಟಕ್ಕೆ. ವಾಪಸ್ ಬರುವಾಗ ಬಸ್ ಖಾಲಿ, ಯಾರು ಎಲ್ಲಿ ಇಳಿದುಕೊಂಡರು ಅಂತ ಪಟ್ಟಿಯಲ್ಲಿ ಹುಡುಕಬೇಕು. 2024ರ ಆಗಸ್ಟ್‌ನಲ್ಲಂತೂ ಆಡಳಿತ ಪಕ್ಷದವರು 9ಕ್ಕೆ, ವಿರೋಧ ಪಕ್ಷದವರು 10ಕ್ಕೆ ಅದೇ ಮೈದಾನದಲ್ಲಿ ಸಮಾವೇಶ ಮಾಡಿದರು. ಎರಡೂ ದಿನ ಹೋಗಿಬಂದವರು ನಮ್ಮೂರಲ್ಲಿದ್ದಾರೆ. ಯಾಕಣ್ಣ ಅಂದರೆ, "ನಿನ್ನೆ ಸರಿಯಾಗಿ ಕಾಣ್ನಿಲ್ಲ" ಅಂತಾರೆ.

ಬೆಂಗಳೂರಿನ ಕಡೆ ಹೋದರೆ ಎಕ್ಸ್‌ಪ್ರೆಸ್‌ವೇ ಹತ್ತಬೇಡಿ ಅನ್ನೋದು ನನ್ನ ಮಾತು. 2023ರಲ್ಲಿ ಉದ್ಘಾಟನೆ ಆದದ್ದು, ಬೇಗ ತಲುಪಿಸುತ್ತೆ ನಿಜ. ಆದರೆ ತಿಂಡಿಗೆ, ಶೌಚಕ್ಕೆ ಇಳಿಯೋದು ಎಲ್ಲಿ? ಹಳೇ ರಸ್ತೆಯಲ್ಲಿ ಮದ್ದೂರು ಸಿಗುತ್ತೆ, ವಡೆ ಸಿಗುತ್ತೆ. ಶಿವಪುರದ ಧ್ವಜ ಸತ್ಯಾಗ್ರಹ ಸೌಧವೂ ಅಲ್ಲೇ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆದದ್ದು ಆ ಜಾಗದಲ್ಲಿ. ಬಾವುಟ ಹಾರಿಸಬಾರದು ಅಂತ ಸರ್ಕಾರದ ನಿಷೇಧ ಇತ್ತು, ಹಾರಿಸೋಕೆ ಹೋದ ಟಿ. ಸಿದ್ದಲಿಂಗಯ್ಯನವರನ್ನು ಬಂಧಿಸಿದರು. ಸುತ್ತಮುತ್ತಲ ಹಳ್ಳಿಯವರು ಗಾಡಿ ಕಟ್ಟಿಕೊಂಡು, ನಡ್ಕೊಂಡು ಹೋಗಿದ್ದರು ಅಂತ ನಮ್ಮ ಅಜ್ಜ ಹೇಳೋರು. ಅಲ್ಲಿ ಬಸ್ ನಿಲ್ಲಿಸಿ ಹುಡುಗರಿಗೆ ಇಷ್ಟು ಹೇಳುತ್ತೇನೆ. ಅರ್ಧ ಜನ ವಡೆ ತಿನ್ನುತ್ತಾ ಕೇಳುತ್ತಾರೆ, ಪರವಾಗಿಲ್ಲ.

ಚುನಾವಣೆ ನೀತಿಸಂಹಿತೆ ಬಂದ ಮೇಲಿನ ಪಾಡೇ ಬೇರೆ. ವಾಹನದ ಅನುಮತಿ ಪತ್ರ ಮುಂದಿನ ಗಾಜಿಗೆ ಅಂಟಿಸಿರಬೇಕು, ಚೆಕ್‌ಪೋಸ್ಟಿನಲ್ಲಿ ಚೀಲ ಬಿಚ್ಚಿ ತೋರಿಸಬೇಕು. ಮೈದಾನದಲ್ಲಿ ಆಯೋಗದ ವಿಡಿಯೋ ತಂಡದವರು ಕುರ್ಚಿ ಎಷ್ಟು, ವಾಹನ ಎಷ್ಟು ಅಂತೆಲ್ಲ ಚಿತ್ರೀಕರಿಸಿಕೊಳ್ಳುತ್ತಾರೆ. ಅದು ಅಭ್ಯರ್ಥಿಯ ಖರ್ಚಿನ ಲೆಕ್ಕಕ್ಕೆ ಹೋಗುತ್ತೆ. ವಿಧಾನಸಭೆಗಾದರೆ ಮಿತಿ 40 ಲಕ್ಷ. ಆ ಟೈಮಲ್ಲಿ ನಾನು ಹುಳಿಯೋಗರೆಗೆ ತಂದ ಅಕ್ಕಿಯ ರಸೀದಿಯನ್ನೂ ಜೇಬಲ್ಲೇ ಇಟ್ಟುಕೊಂಡಿರುತ್ತೇನೆ.

ಉಳಿದ ದಿನಗಳಲ್ಲೂ ಲೆಕ್ಕ ಬರೆದಿಡೋದು ಒಳ್ಳೇದು. ಬಸ್ಸಿನ ದುಡ್ಡು ಡಿಪೋಗೆ ಪಕ್ಷದವರೇ ಕಟ್ಟಲಿ, ನಡುವೆ ನಾವು ಕೈ ಹಾಕಬಾರದು. ಊಟ, ಟೀಯ ಚಿಲ್ಲರೆ ಖರ್ಚು ನನ್ನ ಹತ್ತಿರ ಇರುತ್ತೆ. ಮಾರನೇ ದಿನವೇ ಚೀಟಿ ಬರೆದು ಕೊಟ್ಟರೆ ದುಡ್ಡು ಬರುತ್ತೆ, ಒಂದು ವಾರ ಬಿಟ್ಟರೆ "ನೋಡೋಣ ಬಿಡಣ್ಣ" ಆಗುತ್ತೆ.

ಮುಂದಿನದು ಬೆಳಗಾವಿಯಲ್ಲಂತೆ. ಅದು ಒಂದು ದಿನದ ಬಾಬ್ತಲ್ಲ. ರಾತ್ರಿ ತಂಗೋಕೆ ಕಲ್ಯಾಣ ಮಂಟಪ, ಹೆಂಗಸರಿಗೆ ಬೇರೆ ಕೋಣೆ, ಬೆಳಗ್ಗೆ ಬಿಸಿನೀರು, ಇಬ್ಬರು ಡ್ರೈವರು. ಇಷ್ಟನ್ನೂ ಯಾರು ನೋಡಿಕೊಳ್ಳುತ್ತಾರೆ ಅಂತ ಹೆಸರು ಸಮೇತ ಬರೆದು ಕಳಿಸೋವರೆಗೂ ಪಟ್ಟಿ ಶುರು ಮಾಡಲ್ಲ ಅಂತ ತಾಲ್ಲೂಕು ಅಧ್ಯಕ್ಷರಿಗೆ ಹೇಳಿ ಕಳಿಸಿದ್ದೇನೆ.